ಬುಟ್ಟಿ ಇಳಿಸಿ ಓಡಿದವರು

ಮೊನ್ನೆ ಒಬ್ಬಳು ಹುಡುಗಿ ಕುಕ್ಕುಂದೂರಿನ ನಮ್ಮ ಮನೆ ಹುಡುಕಿಕೊಂಡು ಬಂದಳು. ಹೈಸ್ಕೂಲೊಂದಕ್ಕೆ ಪಿ.ಟಿ. ಟೀಚರಾಗಿ ಈಗಷ್ಟೇ ಆರ್ಡರ್ ಬಂದಿದೆಯಂತೆ. ಕೊರಳಲ್ಲಿ ಹೊಸ ವಿಸಿಲ್, ಮುಖದ ತುಂಬ ಹೆದರಿಕೆ. "ಟೀಚರ್, ಈ ಕೆಲಸಕ್ಕೆ ಮುಖ್ಯವಾಗಿ ಎಂತ ಬೇಕು?" ಎಂದು ಕೇಳಿದಳು. "ಮೂಗು ಮುಚ್ಚಿಕೊಳ್ಳದೆ ನಿಲ್ಲಲಿಕ್ಕೆ ಗೊತ್ತಿರಬೇಕು" ಎಂದೆ. ಮುದುಕಿಗೆ ಅರಳುಮರಳು ಎಂದುಕೊಂಡಿರಬೇಕು, ಚಹಾ ಕುಡಿದು ಹೊರಟುಹೋದಳು. ಅರ್ಧ ಮಾತು ಹೇಳಿ ಕಳಿಸಿದ್ದು ನನಗೇ ಸರಿಕಾಣಲಿಲ್ಲ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ತಾಲೂಕಿಗೆ ವರ್ಗವಾಯಿತು ಎಂಬುದೆಲ್ಲ ಸರ್ವಿಸ್ ಪುಸ್ತಕದಲ್ಲಿ ಉಂಟು. ಅದನ್ನು ಓದಿ ಉದ್ಧಾರವಾದವರು ಯಾರೂ ಇಲ್ಲ. ನಾನು ಹೇಳಬೇಕೆಂದಿರುವುದು ಉಡುಪಿ ತಾಲೂಕಿನ ಕಡಲ ಬದಿಯ ಕಾಪುವಿನ ಒಂದು ಶಾಲೆಯ ಕತೆ, ಎಪ್ಪತ್ತರ ದಶಕದ ಕೊನೆಯ ಹೊತ್ತಿನದ್ದು.

ಕೆಲಸಕ್ಕೆ ಸೇರುವ ದಿನ ನಾನು ಬಿಳಿ ಸೀರೆ ಉಟ್ಟಿದ್ದೆ. ತರಬೇತಿಯಲ್ಲಿ ಹಾಗೆಯೇ ಹೇಳಿಕೊಟ್ಟಿದ್ದರು, ವ್ಯಾಯಾಮದವರೆಂದರೆ ಬಿಳಿ. ಕಾರ್ಕಳದ ಕಡೆಯಿಂದ ಬಂದ ಬಸ್ಸು ಕಾಪು ಪೇಟೆಯಲ್ಲಿ ಇಳಿಸಿತು. ಇಳಿದು ಎರಡು ಹೆಜ್ಜೆ ಇಟ್ಟಿಲ್ಲ, ಹಿಂದಿನಿಂದ ಒಂದು ಗಟ್ಟಿ ಸ್ವರ ಕೇಳಿತು.

"ಓ ಅಕ್ಕಾ, ಒಂದು ಕೈ ಕೊಡಿ!"

ತಿರುಗಿ ನೋಡಿದರೆ ಮೊಣಕಾಲಿನವರೆಗೆ ಸೀರೆ ಎತ್ತಿ ಕಟ್ಟಿದ ಹೆಂಗಸು, ತಲೆಯ ಮೇಲೆ ತುಂಬಿದ ಮೀನಿನ ಬುಟ್ಟಿ. ಕಡಲ ದಂಡೆಯಿಂದ ಓಡಿಕೊಂಡೇ ಬಂದಿದ್ದಳು, ಎದೆ ಏರಿಳಿಯುತ್ತಿತ್ತು. ನಮ್ಮ ಕಡೆಯವರಿಗೆ ಇದು ಗೊತ್ತು. ತುಂಬಿದ ಬುಟ್ಟಿಯನ್ನು ಹೊತ್ತವರೇ ಇಳಿಸಲಿಕ್ಕೆ ಆಗುವುದಿಲ್ಲ. ಎದುರು ಯಾರು ಸಿಗುತ್ತಾರೋ ಅವರು ಕೈಕೊಡಬೇಕು. ಅದಕ್ಕೆ ಜಾತಿ, ಗುರುತು, ಹೊಸ ಸೀರೆ ಯಾವುದೂ ಅಡ್ಡ ಬರುವಂತಿಲ್ಲ. ನಾನು ಕೈಕೊಟ್ಟೆ. ಬುಟ್ಟಿ ಇಳಿಯಿತು, ಜೊತೆಗೆ ಬೂತಾಯಿ ಮೀನಿನ ನೀರು ಹೆಗಲಿನಿಂದ ಪಾದದವರೆಗೆ ಇಳಿಯಿತು.

"ಅಯ್ಯೋ ದೇವರೇ, ಬಿಳಿ ಸೀರೆ!" ಎಂದವಳು ನನಗಿಂತ ಹೆಚ್ಚು ನಕ್ಕಳು. ಅವಳೇ ಕಮಲಕ್ಕ. ಕಾಪುವಿನಿಂದ ಕಟಪಾಡಿಯ ತನಕ ಮನೆಮನೆಗೆ ಮೀನು ಕೊಡುತ್ತಿದ್ದವಳು. ನಾನು ಅದೇ ಸೀರೆಯಲ್ಲಿ ಶಾಲೆಗೆ ಹೋಗಿ ಹೆಡ್ಮಾಸ್ಟರ ಎದುರು ನಿಂತೆ.

ನಮ್ಮ ಹೆಡ್ಮಾಸ್ಟರು ಶೇಷಗಿರಿ ರಾಯರು. ಇಸ್ತ್ರಿ ಮಾಡಿದ ಪಂಚೆ, ಇಸ್ತ್ರಿ ಮಾಡಿದ ಮಾತು. ಮೂಗಿಗೆ ಕೈ ಹೋಗುವುದನ್ನು ಕಷ್ಟಪಟ್ಟು ತಡೆದುಕೊಂಡು, "ಕೂತುಕೊಳ್ಳಿ ವಾರಿಜ ಟೀಚರ್, ಕಿಟಿಕಿಯ ಹತ್ತಿರ" ಎಂದರು. ಒಳ್ಳೆಯ ಮನುಷ್ಯ. ಹೆದರುತ್ತಿದ್ದದ್ದು ಮೂರಕ್ಕೆ: ಮಕ್ಕಳ ತಂದೆಯರಿಗೆ, ಮೇಲಿನ ಆಫೀಸಿಗೆ, ಮತ್ತೆ ಶಾಲೆಯ ಮಾಡಿನಲ್ಲಿ ಬಿಡಾರ ಹೂಡಿದ್ದ ಹೆಜ್ಜೇನಿಗೆ.

ಆಗ ಪಿ.ಟಿ. ಟೀಚರ್ ಎಂದರೆ ಊಟದೆಲೆಯ ಉಪ್ಪಿನಕಾಯಿ. ಬೆಲ್ಲು ಹೊಡೆಯಲಿಕ್ಕೆ, ಪ್ರಾರ್ಥನೆಗೆ ಸಾಲು ನಿಲ್ಲಿಸಲಿಕ್ಕೆ, ಗಣಿತದ ಮಾಸ್ಟ್ರು ರಜೆ ಹಾಕಿದರೆ ಅವರ ಕ್ಲಾಸು ಸುಮ್ಮನಿರಿಸಲಿಕ್ಕೆ ನಾವು. ಆಟದ ಪಿರಿಯಡ್ ಹುಡುಗರಿಗೆ ಒಂದು ಹಳೆಯ ಫುಟ್ಬಾಲಿನಲ್ಲಿ ಮುಗಿಯುತ್ತಿತ್ತು. ಹುಡುಗಿಯರಿಗೆ ಅದೇ ಹೊತ್ತಿನಲ್ಲಿ ಹೊಲಿಗೆ. ಅಂದರೆ ಅವರು ಬೆಳಿಗ್ಗೆಯಿಂದ ಕೂತು ಕೂತು ಬೆನ್ನು ನೋಯಿಸಿಕೊಂಡು, ಆಟದ ಹೊತ್ತಿನಲ್ಲಿ ಪುನಃ ಕೂತು ದಿಂಬಿನ ಹೊದಿಕೆಗೆ ಗುಲಾಬಿ ಹಾಕುವುದು. ಕೇಳಿದರೆ "ಮೊದಲಿನಿಂದಲೂ ಹಾಗೇ" ಎನ್ನುತ್ತಿದ್ದರು. ನನಗೆ ಈ "ಮೊದಲಿನಿಂದಲೂ" ಎಂಬ ಮಾತು ಕೇಳಿದರೆ ಇಂದಿಗೂ ಮೈ ಉರಿಯುತ್ತದೆ.

ಒಂದು ಜೂನಿನಲ್ಲಿ ದಿಲ್ಲಿಯಿಂದ ಹೊರಟ ಯೋಜನೆಯೊಂದು ಬೆಂಗಳೂರು, ಮಂಗಳೂರು ದಾಟಿ ನಮ್ಮ ಶಾಲೆಗೆ ತಲುಪಿತು. ತೆಳ್ಳಗಿನ ಪುಸ್ತಕ. ದೇಶದ ಮಕ್ಕಳೆಲ್ಲ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಓಡಬೇಕು, ಹಾರಬೇಕು, ಎಸೆಯಬೇಕು. ವರ್ಷಕ್ಕೊಮ್ಮೆ ಪ್ರತಿ ಮಗುವಿನ ಶಕ್ತಿಯನ್ನು ಅಳೆದು ಬರೆದು ಕಳಿಸಬೇಕು, ಕೊನೆಗೆ ತಾಲೂಕು ಮಟ್ಟದಲ್ಲಿ ಕೂಟ. ಉದ್ದೇಶಕ್ಕೆ ನಾನು ಆಗಲೂ ಕೈಮುಗಿದೆ, ಈಗಲೂ ಮುಗಿಯುತ್ತೇನೆ. "ಹೆಣ್ಣು" ಎಂಬ ಶಬ್ದ ಅಚ್ಚಾಗಿದ್ದ ಸಾಲಿನ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಗೀಟು ಎಳೆದು ಹೆಡ್ಮಾಸ್ಟರ ಮೇಜಿನ ಮೇಲೆ ಇಟ್ಟೆ.

ಅವರು ಓದಿದರು. ಕನ್ನಡಕ ತೆಗೆದು ಒರೆಸಿದರು. "ಹುಡುಗಿಯರದ್ದು ನಾವೇ ಅಂದಾಜಿಗೆ ತುಂಬಿಸುವ ಅಲ್ವಾ ಟೀಚರ್?" ಎಂದರು.

"ಅವರು ಎಷ್ಟು ಉದ್ದ ಹಾರುತ್ತಾರೆಂದು ಅಂದಾಜು ಮಾಡುವವರು ಯಾರು ಸಾರ್, ನೀವಾ?" ಎಂದೆ. ಅವರು ಕನ್ನಡಕವನ್ನು ಪುನಃ ಒರೆಸಿದರು. ಮಳೆ ಬಿಡಲಿ ನೋಡುವ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ಮಳೆ! ಆ ಪುಸ್ತಕ ಬರೆದ ಪುಣ್ಯಾತ್ಮರು ನಮ್ಮ ಜೂನ್, ಜುಲೈ ಕಂಡವರೇ ಅಲ್ಲ. "ಸಮತಟ್ಟಾದ ಒಣ ಮೈದಾನದಲ್ಲಿ" ಎಂದು ಪುಟಪುಟಕ್ಕೆ ಬರೆದಿದ್ದರು. ನಮ್ಮ ಮೈದಾನವೆಂದರೆ ಶಾಲೆಯ ಹಿಂದಿನ ಗದ್ದೆ. ಅದರಲ್ಲಿ ಆಗ ಮೊಣಕಾಲೆತ್ತರ ನೀರು, ನಡುವೆ ನೆಟ್ಟ ಭತ್ತದ ನೇಜಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಮಗೆ ಡೊಂಕು ಎನ್ನಲಿಕ್ಕೂ ನೆಲ ಇರಲಿಲ್ಲ. ಹಾಗಾಗಿ ಹುಡುಗರ ಹಾರುವ ಪರೀಕ್ಷೆ ಜಗಲಿಯಲ್ಲಿ ನಡೆಯಿತು. ಒಬ್ಬ ಹಾರಿದವನು ಜಾರಿ ನೇರ ಆಫೀಸಿನ ಒಳಗೆ ಹೋಗಿ ಹೆಡ್ಮಾಸ್ಟರ ಕುರ್ಚಿಯ ಕೆಳಗೆ ನಿಂತ. ಅದನ್ನು ಎಷ್ಟು ಉದ್ದ ಎಂದು ಬರೆಯುವುದು ಎಂಬುದೇ ದೊಡ್ಡ ಚರ್ಚೆಯಾಯಿತು.

ಎಸೆಯಲಿಕ್ಕೆ ಕಬ್ಬಿಣದ ಗುಂಡು ಬರುತ್ತದೆ ಎಂದಿದ್ದರು. ಗುಂಡು ಬರಲಿಲ್ಲ. ನಾನು ಅದೇ ತೂಕದ ಸಿಪ್ಪೆ ಸುಲಿಯದ ತೆಂಗಿನಕಾಯಿಗಳನ್ನು ಆರಿಸಿ ಇಟ್ಟೆ. ಎಸೆದು ಎಸೆದು ಒಡೆದ ಕಾಯಿಯನ್ನು ಬೆಲ್ಲದ ಜೊತೆ ಹಂಚಿದ್ದರಿಂದ ಆ ಪರೀಕ್ಷೆಗೆ ಒಬ್ಬನೂ ಗೈರುಹಾಜರಾಗಲಿಲ್ಲ. ಮುಂದೆ ಉಡುಪಿಯಿಂದ ಬಂದ ಪರಿವೀಕ್ಷಕರು "ಗುಂಡು ಎಲ್ಲಿ?" ಎಂದು ಕೇಳಿದಾಗ "ತಿಂದೆವು ಸಾರ್" ಎಂದು ಹುಡುಗರು ಒಂದೇ ಸ್ವರದಲ್ಲಿ ಹೇಳಿ ನನ್ನ ಮಾನ ತೆಗೆದರು.

ಮಳೆ ಹಿಂದೆ ಸರಿದ ಮೇಲೆ ನಮ್ಮನ್ನೆಲ್ಲ ಮಣಿಪಾಲಕ್ಕೆ ತರಬೇತಿಗೆ ಕರೆದರು. ಗುಡ್ಡದ ಮೇಲಿನ ಕೆಂಪುಕಲ್ಲಿನ ನೆಲ, ನೀರು ನಿಲ್ಲದ ಮೈದಾನ, ನೋಡಿದರೇ ಹೊಟ್ಟೆಕಿಚ್ಚಾಗುವಂಥದ್ದು. ಬೆಂಗಳೂರಿನಿಂದ ಒಬ್ಬ ಸಾಹೇಬರು ಬಂದಿದ್ದರು. ಬಿಳಿ ಬೂಟು, ಕೊರಳಲ್ಲಿ ಸ್ಟಾಪ್‌ವಾಚು. ಕಟ್ಟುನಿಟ್ಟಿನವರಾದರೂ ಕೇಳಿದ್ದಕ್ಕೆ ಉತ್ತರ ಕೊಡುವ ಜಾತಿ. ಅವರ ಭಾಷಣ ಮುಗಿದಾಗ ನಾನು ಎದ್ದು ನಿಂತೆ.

"ಸಾರ್, ಓಡುವಾಗ ಹುಡುಗಿಯರು ಎಂತ ಹಾಕಿಕೊಳ್ಳಬೇಕೆಂದು ಇದರಲ್ಲಿ ಇಲ್ಲ. ಉದ್ದ ಲಂಗದಲ್ಲಿ ಓಡಿದರೆ ಬೀಳುತ್ತಾರೆ. ಚಡ್ಡಿ ಎಂದರೆ ಮನೆಯವರು ಶಾಲೆಯೇ ಬಿಡಿಸುತ್ತಾರೆ."

ಗಂಡಸರೆಲ್ಲ ತಲೆ ತಗ್ಗಿಸಿ ನಕ್ಕರು. ಸಾಹೇಬರು ನಗಲಿಲ್ಲ. "ಪುಸ್ತಕದಲ್ಲಿ ಇಲ್ಲದ್ದನ್ನ ನೀವೇ ನೋಡ್ಕೊಳ್ಳಿ ಮೇಡಂ. ಮಕ್ಕಳು ಓಡಬೇಕು, ನನಗೆ ಅಷ್ಟೇ ಬೇಕಾದ್ದು" ಎಂದರು. ಈ ಕೆಲಸಕ್ಕೆ ಸೇರುವವರು ಇದೊಂದು ಕಲಿಯಬೇಕು. ಮೇಲಿನವರು "ನೀವೇ ನೋಡಿಕೊಳ್ಳಿ" ಎಂದರೆ ಅದು ಕೈತೊಳೆದುಕೊಂಡದ್ದು ಎಂದು ಬೇಸರಿಸಬಾರದು, ಪರ್ಮಿಷನ್ ಎಂದು ಹಿಡಿದುಕೊಂಡು ಓಡಬೇಕು. ನಾನು ಬಸ್ಸಿಳಿದವಳೇ ಹೆಡ್ಮಾಸ್ಟರಿಗೆ "ಬೆಂಗಳೂರಿನವರು ಒಪ್ಪಿದ್ದಾರೆ" ಎಂದೆ.

ಮೇಲಿನ ಆಫೀಸಿನ ಹೆದರಿಕೆ ಗೆದ್ದಿತು. ತಂದೆಯರ ಹೆದರಿಕೆ ಉಳಿದಿತ್ತು. ಅವರನ್ನು ಕರೆದು ಸಭೆ ಮಾಡಿದೆವು.

ಆ ಸಭೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬೆಂಚುಗಳಲ್ಲಿ ಊರಿನ ದೊಡ್ಡವರೆಲ್ಲ ಕೂತಿದ್ದರು. ಪುಸ್ತಕದಲ್ಲಿದ್ದದ್ದನ್ನು ಓದಿ ಹೇಳಿದೆ. ಎದುರು ಸಾಲಿನಲ್ಲಿ ಕೂತಿದ್ದ ಧನಿಗಳೊಬ್ಬರು, ಊರಿನಲ್ಲಿ ಅವರ ಮಾತೆಂದರೆ ಮಾತು, ನಿಧಾನವಾಗಿ ಎದ್ದರು.

"ಟೀಚರ್, ನೀವು ಕಲಿತವರು. ಆದರೆ ಹೆಣ್ಣುಮಕ್ಕಳು ನಾಲ್ಕು ಜನರೆದುರು ಓಡುವುದುಂಟಾ? ನಾಳೆ ಅವರಿಗೆ ಮದುವೆ ಆಗಬೇಡವಾ?"

ಎಲ್ಲರೂ ತಲೆದೂಗಿದರು. ಹೆಡ್ಮಾಸ್ಟರ ತಲೆಯೂ ಅರ್ಧ ತೂಗಿ, ನನ್ನನ್ನು ಕಂಡು ನಿಂತಿತು. ಅಷ್ಟರಲ್ಲಿ ಬಾಗಿಲಿನ ಹತ್ತಿರದಿಂದ ಅದೇ ಗಟ್ಟಿ ಸ್ವರ ಕೇಳಿತು.

"ಓ ಟೀಚರ್, ಒಂದು ಕೈ ಕೊಡಿ!"

ಕಮಲಕ್ಕ. ಮಗಳು ಜಲಜ ನಮ್ಮಲ್ಲಿ ಎಂಟನೆಯ ತರಗತಿಯಲ್ಲಿದ್ದಳು. ಬುಟ್ಟಿ ಹೊತ್ತು ಒಳಗೆ ಬರಲಾಗದೆ ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾನು ಹೋಗಿ ಬುಟ್ಟಿ ಇಳಿಸಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದಳು. ಮಾತೆಲ್ಲ ತುಳುವಿನಲ್ಲಿ, ನಾನಿಲ್ಲಿ ಕನ್ನಡ ಮಾಡಿ ಬರೆಯುತ್ತೇನೆ.

"ಧನಿಗಳೇ, ದಿನಾ ಬೆಳಿಗ್ಗೆ ನಿಮ್ಮ ಮನೆಯ ಎದುರು ನಾನು ಓಡುತ್ತೇನಲ್ಲ, ನೀವು ಜಗಲಿಯಲ್ಲಿ ಕೂತು ನೋಡುತ್ತೀರಿ. ನನಗೆ ಮದುವೆ ಆಗಿದೆ, ಮಕ್ಕಳೂ ಉಂಟು. ನಾನು ಓಡದೆ ಮರ್ಯಾದೆಯಲ್ಲಿ ನಡೆದುಕೊಂಡು ಬಂದರೆ ನಿಮ್ಮ ಮಧ್ಯಾಹ್ನದ ಬೂತಾಯಿ ನಾರುತ್ತದೆ. ಆಗ ಮಾತ್ರ ನೀವು ಬೈಯುತ್ತೀರಿ, 'ಬೇಗ ಬರಲಿಕ್ಕೆ ಎಂತ ದಾಡಿ' ಎಂದು. ಬುಟ್ಟಿ ಹೊತ್ತು ಓಡಬಹುದು, ಬುಟ್ಟಿ ಇಲ್ಲದೆ ಓಡಬಾರದಾ?"

ಮೊದಲು ನಕ್ಕವರು ಧನಿಗಳೇ. ದೊಡ್ಡ ಮನುಷ್ಯರು ಎಂದು ಸುಮ್ಮನೆ ಹೇಳುವುದಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೂ ಒಪ್ಪಿಗೆ ಪೂರ್ತಿ ಸಿಗಲಿಲ್ಲ. ಹೆಡ್ಮಾಸ್ಟರು ಎದ್ದು ನಡುವಿನ ದಾರಿಯೊಂದನ್ನು ಇಟ್ಟರು. ಈ ವರ್ಷ ಹುಡುಗಿಯರು ಆಡಲಿ. ಉಡುಪಿಯ ತಾಲೂಕು ಕೂಟದಲ್ಲಿ ನಮ್ಮ ಹುಡುಗಿಯರು ಏನಾದರೂ ಸಾಧಿಸಿ ತೋರಿಸಿದರೆ ಆಟದ ಪಿರಿಯಡ್ ಅವರಿಗೂ ಖಾಯಂ. ಇಲ್ಲದಿದ್ದರೆ ಪುನಃ ಹೊಲಿಗೆ, ಆಮೇಲೆ ಟೀಚರ್ ಮಾತಾಡಬಾರದು.

ಹುಡುಗರು ಎಂದಾದರೂ ಗೆದ್ದು ತೋರಿಸಿ ಆಟದ ಪಿರಿಯಡ್ ಗಳಿಸಿದ್ದುಂಟಾ? ಕೇಳಬೇಕೆಂದು ಬಾಯಿಯವರೆಗೆ ಬಂತು, ನುಂಗಿಕೊಂಡೆ. ಸಿಕ್ಕಿದ ಬಾಗಿಲಲ್ಲಿ ಮೊದಲು ನುಗ್ಗಬೇಕು, ಬಾಗಿಲು ಗಿಡ್ಡವಾಯಿತು ಎಂದು ಆಮೇಲೆ ಜಗಳ ಮಾಡಬಹುದು.

ಈಗ ಬಟ್ಟೆಯ ಪ್ರಶ್ನೆ. ಅದನ್ನು ಬಿಡಿಸಿದವಳು ಜೊಹರಾ. ಕಾಪು ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಹಮೀದ್ ಸಾಹೇಬರ ಮಗಳು, ಜಲಜನ ಬೆಂಚಿನವಳು. "ಟೀಚರ್, ನಾನು ಫ್ರಾಕಿನ ಒಳಗೆ ಪೈಜಾಮ ಹಾಕುವುದಲ್ವಾ? ಎಲ್ಲರೂ ಅದನ್ನೇ ಹಾಕಿದರೆ ಆಯಿತಲ್ಲ" ಎಂದಳು. ನನಗೆ ಅವಳನ್ನು ಎತ್ತಿ ತಿರುಗಿಸಬೇಕೆನ್ನಿಸಿತು. ಕಾಲು ಮುಚ್ಚುತ್ತದೆ, ಓಡಲಿಕ್ಕೂ ಬಿಡುತ್ತದೆ, ಯಾವ ಮನೆಯವರೂ ಮೂಗು ಮುರಿಯುವಂತಿಲ್ಲ. ಹಮೀದ್ ಸಾಹೇಬರು ಅಂಗಡಿಯ ಅಟ್ಟದಿಂದ ಒಂದು ಥಾನು ಬಟ್ಟೆ ಇಳಿಸಿ ಕಳಿಸಿದರು. ತೆಳು ಹಸುರು, ಮೇಲೆ ಬಿಳಿ ಗೆರೆ. "ಇದನ್ನು ಯಾರೂ ಕೊಳ್ಳಲಿಲ್ಲ ಟೀಚರ್, ನಿಮ್ಮ ಮಕ್ಕಳಾದರೂ ಹಾಕಲಿ" ಎಂದರು. ಯಾಕೆ ಯಾರೂ ಕೊಳ್ಳಲಿಲ್ಲ ಎಂದು ನೋಡಿದ ಕೂಡಲೇ ತಿಳಿಯಿತು.

ಹೊಲಿದದ್ದು ಎಲ್ಲಿ ಗೊತ್ತುಂಟಾ? ಹೊಲಿಗೆ ಪಿರಿಯಡ್ಡಿನಲ್ಲಿ. ಹೊಲಿಗೆ ಟೀಚರಿಗೂ ದಿಂಬಿನ ಗುಲಾಬಿಗಳು ಸಾಕಾಗಿದ್ದವು. ಹುಡುಗಿಯರು ಅಷ್ಟು ಆಸೆಯಿಂದ ಹೊಲಿದದ್ದನ್ನು ತಾನು ಕಂಡದ್ದೇ ಇಲ್ಲ ಎಂದರು.

ಗದ್ದೆಯ ಕೊಯ್ಲು ಮುಗಿದ ಮೇಲೆ ಸುಣ್ಣದ ಗೆರೆ ಹಾಕಿ ಓಟ ಶುರು ಮಾಡಿದೆ. ಕೂಳೆ ಚುಚ್ಚದಿರಲಿಕ್ಕೆ ಹುಡುಗಿಯರೇ ಕೂತು ಕಿತ್ತರು. ಮೊದಲನೆಯ ದಿನವೇ ನನಗೆ ಗೊತ್ತಾಯಿತು, ನನ್ನ ಕೈಯಲ್ಲಿರುವ ಓಟಗಾರ್ತಿ ಜಲಜ. ಬೆಳಿಗ್ಗೆ ತಾಯಿಯ ಜೊತೆ ಚಿಕ್ಕ ಬುಟ್ಟಿ ಹೊತ್ತು ಓಡಿ, ಆಮೇಲೆ ಶಾಲೆಗೆ ಓಡಿ ಬರುವವಳು. ಉಳಿದವರು ಏದುಸಿರು ಬಿಟ್ಟು ಕೂತರೂ ಇವಳ ಉಸಿರು ಕೆಡುತ್ತಿರಲಿಲ್ಲ. ಒಂದೇ ತೊಂದರೆ. ಓಡುವಾಗ ಅವಳ ಕತ್ತು ಕಂಬದಷ್ಟು ನೇರ, ಬಲಗೈ ಮೇಲೆ, ತಲೆಯ ಪಕ್ಕದಲ್ಲಿ. ಬುಟ್ಟಿ ಇಲ್ಲ, ಹಿಡಿದ ಕೈ ಮಾತ್ರ ಉಂಟು!

ಹುಡುಗರು ಬೇಲಿಯ ಆಚೆ ನಿಂತು "ಬಂಗುಡೆ ಹೇಗೆ?" ಎಂದು ಮೀನಿನ ರೇಟು ಕೇಳಿ ಕೂಗಿದರು. ನಾನು ಪುಸ್ತಕ ತೆರೆದೆ. ಕೈಗಳನ್ನು ಮಡಚಿ, ದೇಹದ ಪಕ್ಕದಲ್ಲಿ, ಹಿಂದೆ ಮುಂದೆ. ಚಿತ್ರ ಸಮೇತ ಇತ್ತು. ಒಂದು ವಾರ ಹಿಡಿದು ತಿದ್ದಿದೆ. ಕೈ ಇಳಿಯಿತು. ಜೊತೆಗೆ ಓಟವೂ ಇಳಿಯಿತು. ಕೈಯ ಬಗ್ಗೆ ಯೋಚಿಸಿದರೆ ಕಾಲು ಮರೆಯುತ್ತಿತ್ತು, ಕಾಲು ನೆನಪಾದರೆ ಕೈ ಮೇಲೆ ಹೋಗುತ್ತಿತ್ತು. ಜೊಹರಾ ಅವಳನ್ನು ಸುಲಭವಾಗಿ ಹಿಂದೆ ಹಾಕಿದಳು. ಜಲಜ ಬದುವಿನ ಮೇಲೆ ಕೂತು, "ನನಗೆ ಆಗುವುದಿಲ್ಲ ಟೀಚರ್, ನಾನು ಹೊಲಿಗೆಗೇ ಹೋಗುತ್ತೇನೆ" ಎಂದು ಅತ್ತಳು.

ಗೆದ್ದು ಉಸಿರು ಬಿಡುತ್ತಿದ್ದ ಜೊಹರಾ ಹತ್ತಿರ ಬಂದು, "ಟೀಚರ್, ಅವಳ ಕೈಯನ್ನು ಬಿಟ್ಟುಬಿಡಿ ಮಾರಾಯ್ರೆ. ಕೈಯಿಂದ ಓಡುವುದಾ ಯಾರಾದರೂ?" ಎಂದಳು. ಟೀಚರಿಗೆ ಮಾರಾಯ್ರೆ ಎಂದದ್ದಕ್ಕೆ ನಾಲಿಗೆ ಕಚ್ಚಿಕೊಂಡಳು. ನಾನು ಪುಸ್ತಕ ಮುಚ್ಚಿದೆ. "ಕೈ ಎಲ್ಲಿ ಬೇಕಾದರೂ ಇರಲಿ ಜಲಜ, ನೀನು ಓಡು" ಎಂದೆ. ಅವಳು ಕಣ್ಣೊರೆಸಿಕೊಂಡು ಎದ್ದು ಓಡಿದಳು. ಆ ಸಂಜೆ ಗದ್ದೆಗೆ ಎಷ್ಟು ಸುತ್ತು ಹಾಕಿದಳೋ, ನಾವೇ ಸಾಕು ಎಂದು ನಿಲ್ಲಿಸಬೇಕಾಯಿತು.

ಕೂಟ ಉಡುಪಿಯ ಅಜ್ಜರಕಾಡು ಮೈದಾನದಲ್ಲಿ. ನಮ್ಮ ಬಸ್ಸು ಅಂಬಲಪಾಡಿ ದಾಟುವಾಗ ಹುಡುಗಿಯರೆಲ್ಲ ಹಾಡುತ್ತಿದ್ದರು. ಹೆಡ್ಮಾಸ್ಟರು ಮಾತ್ರ ಮುಂದಿನ ಸೀಟಿನಲ್ಲಿ ಮಡಚಿದ ಕೊಡೆ ಹಿಡಿದು ಕೂತಿದ್ದರು. ಮೈದಾನಕ್ಕೆ ಕಾಲಿಟ್ಟ ಕೂಡಲೇ ಜನರ ನಡುವಿನಿಂದ ಯಾರೋ ಕೂಗಿದರು.

"ಓ ನೋಡಿ, ಮಟ್ಟುಗುಳ್ಳ ಬಂತು!"

ಮಟ್ಟುವಿನ ಗುಳ್ಳ ಬದನೆ ತಿನ್ನದವರು ಉಡುಪಿಯಲ್ಲಿ ಯಾರಿದ್ದಾರೆ? ತೆಳು ಹಸುರು, ಮೇಲೆ ಬಿಳಿ ಗೆರೆ. ಹೋಲಿಕೆ ಅಷ್ಟು ಸರಿಯಿತ್ತು ಎಂದರೆ ನಾನೇ ನಕ್ಕುಬಿಟ್ಟೆ. ಹುಡುಗಿಯರ ಮುಖ ಸಣ್ಣದಾಯಿತು. "ಗುಳ್ಳಕ್ಕೆ ಎಂತ ಕಡಿಮೆ? ಬೇರೆ ಬದನೆಗೆ ಹೆಸರೇ ಇಲ್ಲ" ಎಂದೆ. ಸಾಯಂಕಾಲದ ಹೊತ್ತಿಗೆ ಅದೇ ಅವರ ಜಂಬದ ಹೆಸರಾಗುತ್ತದೆಂದು ಆಗ ನನಗೂ ಗೊತ್ತಿರಲಿಲ್ಲ.

ಬೆಳಿಗ್ಗೆಯ ಸ್ಪರ್ಧೆಗಳಲ್ಲಿ ನಮಗೆ ಏನೂ ಸಿಗಲಿಲ್ಲ. ಉದ್ದ ಜಿಗಿತದಲ್ಲಿ ಒಬ್ಬಳು ಗೆರೆ ತುಳಿದಳು. ಜೊಹರಾ ನೂರು ಮೀಟರಿನಲ್ಲಿ ನಾಲ್ಕನೆಯವಳಾಗಿ ಬಂದು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೆಡ್ಮಾಸ್ಟರು ನನ್ನ ಹತ್ತಿರ ಬಂದು ಮೆಲ್ಲಗೆ, "ನೀವು ನಿಮ್ಮ ಪ್ರಯತ್ನ ಮಾಡಿದ್ದೀರಿ ಟೀಚರ್" ಎಂದರು. ಸಮಾಧಾನದ ಮಾತು. ಆದರೆ ನನಗೆ ಅದರಲ್ಲಿ ಹೊಲಿಗೆ ಸೂಜಿಯೇ ಕಾಣಿಸಿತು. ಉಳಿದದ್ದು ಹುಡುಗಿಯರ ಎಂಟುನೂರು ಮೀಟರ್ ಒಂದೇ.

ಜಲಜ ಗೆರೆಯಲ್ಲಿ ನಿಂತಳು. ಪಕ್ಕದಲ್ಲಿ ಕಲ್ಯಾಣಪುರದ ಹುಡುಗಿ, ಬಿಳಿ ಕ್ಯಾನ್ವಾಸ್ ಬೂಟು, ಹಿಂದಿನ ವರ್ಷ ಗೆದ್ದವಳು. ನಮ್ಮವಳು ಬರಿಗಾಲು. ನಿಂತಲ್ಲೇ ಬಲಗೈ ತಲೆಯ ಪಕ್ಕಕ್ಕೆ ಹೋಯಿತು. ಓಟ ಬಿಡುವ ಮಾಸ್ಟ್ರು ಹತ್ತಿರ ಬಂದು, "ಕೈ ಕೆಳಗೆ ಹಾಕು. ಇದೆಂತ ನಾಟಕವಾ? ಹೀಗೆ ಓಡುವ ಕ್ರಮ ಇಲ್ಲ" ಎಂದರು.

ನಾನು ಹಗ್ಗ ದಾಟಿ ಒಳಗೆ ಹೋದೆ. "ಯಾವ ಪುಟದಲ್ಲಿ ಉಂಟು ಮಾಸ್ಟ್ರೇ?"

"ಪುಟ ಎಂತ ಕೇಳುವುದು? ಚಿತ್ರ ನೋಡಲಿಲ್ಲವಾ?"

ಗಲಾಟೆ ಕೇಳಿ ಬೆಂಗಳೂರಿನ ಸಾಹೇಬರೇ ಬಂದರು. ಕರಾವಳಿಯಲ್ಲಿ ಯೋಜನೆ ಹೇಗೆ ನಡೆಯುತ್ತಿದೆಯೆಂದು ನೋಡಲಿಕ್ಕೆ ಅವರು ಆ ದಿನ ಉಡುಪಿಯಲ್ಲಿದ್ದರು. ಮೊದಲು ಜಲಜನ ಕೈ ನೋಡಿದರು, ಆಮೇಲೆ ಹಸುರು ಪೈಜಾಮ ನೋಡಿದರು, ಕೊನೆಗೆ ನನ್ನನ್ನು ಗುರುತು ಹಿಡಿದರು. "ಚಿತ್ರ ಸಲಹೆ ಕಣ್ರೀ, ನಿಯಮ ಅಲ್ಲ. ಓಡಲಿ ಬಿಡಿ" ಎಂದರು.

ವಿಸಿಲ್ ಆಯಿತು. ಉಳಿದವರೆಲ್ಲ ಬಾಣ ಬಿಟ್ಟ ಹಾಗೆ ಹೋದರು. ಜಲಜ ದಿನಾ ಕಟಪಾಡಿಗೆ ಹೋಗುವ ಹೆಜ್ಜೆಯಲ್ಲೇ ಹೊರಟಳು. ಮೊದಲ ತಿರುವಿನಲ್ಲಿ ಎಲ್ಲರಿಗಿಂತ ಹಿಂದೆ. ಮೈದಾನವೆಲ್ಲ ನಗು. "ಗುಳ್ಳದ ಬುಟ್ಟಿ ಬಿದ್ದೀತು ಜಾಗ್ರತೆ!" ಎಂದು ಒಬ್ಬ ಕೂಗಿದ. ಹೆಡ್ಮಾಸ್ಟರು ಕೊಡೆ ಬಿಡಿಸಿದರು. ಬಿಸಿಲಿಗಲ್ಲ, ಮುಖ ಮುಚ್ಚಲಿಕ್ಕೆ.

ಒಂದು ಸುತ್ತು ಮುಗಿಯಿತು. ಬಾಣಗಳ ಬಿರುಸು ಇಳಿಯತೊಡಗಿತು. ಒಬ್ಬಳು ಪಕ್ಕೆ ಹಿಡಿದುಕೊಂಡಳು, ಇಬ್ಬರು ನಡೆದರು. ಜಲಜನ ಹೆಜ್ಜೆ ಮೊದಲು ಹೇಗಿತ್ತೋ ಹಾಗೆಯೇ ಇತ್ತು. ಒಬ್ಬೊಬ್ಬರನ್ನೇ ದಾಟುತ್ತ ಬಂದಳು. ಕೊನೆಯ ತಿರುವಿಗೆ ಅವಳೆದುರು ಉಳಿದದ್ದು ಆ ಬಿಳಿ ಬೂಟಿನವಳು ಮಾತ್ರ, ಅವಳೂ ಗಟ್ಟಿಗಿತ್ತಿ, ಬಿಟ್ಟುಕೊಡುವವಳಲ್ಲ.

ಆಗ ನನ್ನ ಹಿಂದಿನಿಂದ ಆ ಗಟ್ಟಿ ಸ್ವರ ಎದ್ದಿತು. ಕಮಲಕ್ಕ ಆ ದಿನದ ಮೀನು ಮುಗಿಸಿ, ಖಾಲಿ ಬುಟ್ಟಿ ತಲೆಯ ಮೇಲಿಟ್ಟುಕೊಂಡೇ ಬಸ್ಸು ಹಿಡಿದು ಬಂದಿದ್ದಳು.

"ಬಲಿಪು ಮಗಾ, ಮೀನ್ ಹಾಳಾಪುಂಡು!"

ಓಡು ಮಗಳೇ, ಮೀನು ಹಾಳಾಗುತ್ತದೆ! ಹುಟ್ಟಿದಂದಿನಿಂದ ಕೇಳಿದ ಮಾತು. ಜಲಜನ ಕಾಲು ಕಿವಿಗಿಂತ ಮೊದಲು ಕೇಳಿಸಿಕೊಂಡಿತು. ಕೈ ಮೇಲೆಯೇ ಇತ್ತು, ಕತ್ತು ನೇರವೇ ಇತ್ತು, ಕೆಳಗೆ ಕಾಲುಗಳು ಮಾತ್ರ ಕಾಣದಷ್ಟು ವೇಗ. ನಗುತ್ತಿದ್ದ ಮೈದಾನ ಎದ್ದು ನಿಂತಿತು. "ಗುಳ್ಳ! ಗುಳ್ಳ!" ಎಂದು ಯಾರೋ ಶುರುಮಾಡಿದರು, ಎಲ್ಲರೂ ಹಿಡಿದುಕೊಂಡರು. ಗೆರೆಯ ಹತ್ತಿರ ಬಿಳಿ ಬೂಟನ್ನು ದಾಟಿ ನನ್ನ ಹುಡುಗಿ ದಾರವನ್ನು ಎದೆಯಿಂದ ಹರಿದಳು.

ಉಳಿದವರು ನೆಲಕ್ಕೆ ಕುಸಿದರು. ಜಲಜ ಕೂರಲಿಲ್ಲ. ನಿಧಾನವಾಗಿ ನಿಂತು, ಕತ್ತು ನೇರ ಇಟ್ಟುಕೊಂಡು, ಎರಡೂ ಕೈ ಮೇಲೆತ್ತಿ ಕಾದಳು. ನಮಗೆ ಯಾರಿಗೂ ತಿಳಿಯಲಿಲ್ಲ. ಕಮಲಕ್ಕನಿಗೆ ತಿಳಿಯಿತು. ಅವಳು ಹಗ್ಗ ದಾಟಿ ಹೋಗಿ, ಮಗಳ ಎದುರು ನಿಂತು, ಇಲ್ಲದ ಬುಟ್ಟಿಯನ್ನು ಎರಡೂ ಕೈಯಿಂದ ಹಿಡಿದು ಇಳಿಸಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗತೊಡಗಿದರು, ನಿಲ್ಲಿಸಲಿಕ್ಕೇ ಆಗಲಿಲ್ಲ. ನಾನು ಅತ್ತೆ. ಹೇಳಿಕೊಳ್ಳಲಿಕ್ಕೆ ನಾಚಿಕೆ ಎಂತ, ಸಂತೋಷಕ್ಕೆ ಗೊಳೋ ಎಂದು ಅತ್ತೆ.

ಹೆಡ್ಮಾಸ್ಟರು ಕೊಡೆ ಮಡಚಿ ಬಂದರು. "ಸೋಮವಾರದ ಟೈಂಟೇಬಲಿನಲ್ಲಿ ಬದಲಾವಣೆ ಎಂತದೂ ಬೇಡ ಟೀಚರ್. ಹುಡುಗಿಯರ ಆಟದ ಪಿರಿಯಡ್ ಹಾಗೆಯೇ ಇರಲಿ" ಎಂದರು. ಸ್ವಲ್ಪ ತಡೆದು, "ಖಾಯಂ" ಎಂದು ಸೇರಿಸಿದರು.

ಆಮೇಲಿನದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಂದಿನ ವರ್ಷದ ಸುತ್ತೋಲೆಯಲ್ಲಿ "ಹುಡುಗಿಯರು ಸ್ಥಳೀಯವಾಗಿ ಒಪ್ಪಿಗೆಯಾದ ಯಾವುದೇ ಅನುಕೂಲಕರ ಉಡುಪಿನಲ್ಲಿ ಓಡಬಹುದು" ಎಂಬ ಒಂದು ಸಾಲು ಬಂತು. ಅದು ಜೊಹರಾಳ ಪೈಜಾಮ ಎಂದು ಬಲ್ಲವರು ಬಲ್ಲರು. ಧನಿಗಳ ಮೊಮ್ಮಗಳೇ ಎರಡು ವರ್ಷದ ನಂತರ ನಮ್ಮ ರಿಲೇ ತಂಡದಲ್ಲಿ ಓಡಿದಳು. ಎಂಬತ್ತರ ದಶಕದಲ್ಲಿ ನಾನು ಕಾರ್ಕಳಕ್ಕೆ ಬಂದ ಮೇಲೂ ಹುಡುಗಿಯರ ಓಟದಲ್ಲಿ ಕಾಪುವಿನ ಹಸುರು ಕಂಡರೆ ಉಳಿದ ಶಾಲೆಯವರು ನಿಟ್ಟುಸಿರು ಬಿಡುತ್ತಿದ್ದರು. ಪದ್ಧತಿಗಳು ಬದಲಾದವು. ತೆಂಗಿನಕಾಯಿ ಹೋಗಿ ಕಬ್ಬಿಣದ ಗುಂಡು ಬಂತು, ಗದ್ದೆ ಹೋಗಿ ಮೈದಾನ ಬಂತು, ಪುಸ್ತಕ ದಪ್ಪವಾಯಿತು. ಹೊಸಬರೇ, ದಪ್ಪ ಪುಸ್ತಕವನ್ನು ಓದಿ, ಬೇಡ ಎನ್ನುವುದಿಲ್ಲ. ಅದನ್ನು ಬರೆದವರು ನಿಮ್ಮ ಊರಿನ ಮಕ್ಕಳನ್ನು ಕಂಡಿಲ್ಲ ಎಂಬುದನ್ನು ಮಾತ್ರ ನೆನಪಿಡಿ, ಕಾಣುವ ಕೆಲಸ ನಿಮ್ಮದು.

ಆದರೆ ಆ ದಿನ ಅಷ್ಟಕ್ಕೇ ಮುಗಿಯಲಿಲ್ಲ.

ಬಹುಮಾನ ಹಂಚಿ ಆಯಿತು. ಜನ ಕರಗಿದರು. ಸಾಹೇಬರು ಜೀಪಿನ ಹತ್ತಿರ ನಿಂತು ಹೆಡ್ಮಾಸ್ಟರ ಜೊತೆ ಮಾತಾಡುತ್ತಿದ್ದರು. ಹುಡುಗಿಯರು ಪದಕವನ್ನು ಕೈಯಿಂದ ಕೈಗೆ ಕೊಟ್ಟು ನೋಡುತ್ತಿದ್ದರು. ಕಮಲಕ್ಕ ಮಾತ್ರ ಸುಣ್ಣದ ಗೆರೆಯ ಹತ್ತಿರ ನಿಂತು ಖಾಲಿ ಮೈದಾನವನ್ನು ನೋಡುತ್ತಿದ್ದಳು. ನಾನು ಹತ್ತಿರ ಹೋದೆ.

"ಟೀಚರ್, ಒಂದು ಕೈ ಕೊಡಿ."

"ಖಾಲಿ ಬುಟ್ಟಿಗೆ ಕೈ ಯಾಕೆ ಕಮಲಕ್ಕ?"

"ಕೊಡಿ ಅಂದರೆ ಕೊಡಿ."

ಇಳಿಸಿದೆ. ಅವಳು ಸೀರೆಯನ್ನು ಎತ್ತಿ ಬಿಗಿಯಾಗಿ ಸಿಕ್ಕಿಸಿದಳು. ಬುಟ್ಟಿಯ ಅಡಿಗೆ ಇಡುವ ಬಟ್ಟೆಯ ಸಿಂಬಿಯನ್ನು ತಲೆ ಮೇಲಿನಿಂದ ತೆಗೆದು ನನ್ನ ಕೈಗೆ ಕೊಟ್ಟಳು. "ಒಂದು ಸುತ್ತು ನಾನೂ ಓಡಿದರೆ ಯಾರಾದರೂ ಬೈಯುತ್ತಾರಾ?"

"ಬೈಯುವವರು ಬರಲಿ ನೋಡುವ" ಎಂದೆ.

ಓಡಿದಳು. ಮೊದಲು ಬಲಗೈ ಮೇಲೆಯೇ ಇತ್ತು. ಅಂಥ ಕೈಯನ್ನು ಯಾರು ಇಳಿಸಿಯಾರು? ಅರ್ಧ ಸುತ್ತಿನ ಹತ್ತಿರ ಆ ಕೈ ತಾನಾಗಿಯೇ ಕೆಳಗೆ ಬಂತು. ಎರಡೂ ಕೈ ಬೀಸುತ್ತ, ತಲೆ ಅತ್ತಿತ್ತ ತಿರುಗಿಸುತ್ತ, ಕೂದಲು ಬಿಚ್ಚಿ, ಕೂಗುತ್ತ ಓಡಿದಳು. ಮಾರಲಿಕ್ಕೆ ಏನೂ ಇಲ್ಲದೆ, ಕಾಯುವ ಮನೆ ಇಲ್ಲದೆ, ಅವಳು ಬದುಕಿನಲ್ಲಿ ಓಡಿದ್ದು ಅದೇ ಮೊದಲು. ಹುಡುಗಿಯರು ಚಪ್ಪಾಳೆ ಹೊಡೆಯುತ್ತ ಜೊತೆಗೂಡಿದರು, ಹಸುರು ಗುಂಪು ಅವಳ ಹಿಂದೆ ಓಡಿತು.

ಜೀಪು ಹತ್ತಲು ಕಾಲೆತ್ತಿದ್ದ ಸಾಹೇಬರು ಕಾಲು ಕೆಳಗಿಟ್ಟರು. ಕೊರಳಿನ ಸ್ಟಾಪ್‌ವಾಚಿಗೆ ಕೈ ಹಾಕಿ, ಎದುರು ಹಾದು ಹೋಗುವ ಹೆಂಗಸನ್ನೇ ನೋಡುತ್ತ, "ಇವರು ಯಾವ ಶಾಲೆಯವರು?" ಎಂದು ಕೇಳಿದರು.

ಮಕ್ಕಳ ತಂದೆಯರಿಗೆ, ಮೇಲಿನ ಆಫೀಸಿಗೆ, ಹೆಜ್ಜೇನಿಗೆ ಹೆದರುತ್ತಿದ್ದ ನಮ್ಮ ಶೇಷಗಿರಿ ರಾಯರು ಇಡೀ ಮೈದಾನಕ್ಕೆ ಕೇಳುವ ಹಾಗೆ ಹೇಳಿದರು.

"ನಮ್ಮ ಶಾಲೆಯವರು ಸಾರ್!"